ಎರಡು ಮೊಳ ದೂರದ ಅಕ್ಷರ

ಆದೋನಿ ಬಸ್ ಸ್ಟ್ಯಾಂಡಿನ ಎದುರು ಸುಪ್ರಜಾಳ ಡಿಟಿಪಿ ಅಂಗಡಿ ಶುರುವಾಗಿ ಹದಿನೇಳು ವರ್ಷ. ತೆಲುಗು ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ ದಿನದ ಕೆಲಸ. ಕನ್ನಡದ್ದಾದರೆ ಕೌತಾಳಂ, ಹಾಲಹರವಿ ಕಡೆಯವರು ನೇರವಾಗಿ ಇವಳನ್ನೇ ಹುಡುಕಿಕೊಂಡು ಬರುತ್ತಾರೆ. ಒತ್ತಕ್ಷರ ಕೆಡದಂತೆ ಕೂಡಿಸುವವರು ಊರಲ್ಲಿ ತಾನೊಬ್ಬಳೇ ಎಂಬ ಸಣ್ಣ ಜಂಬವೂ ಅವಳಿಗುಂಟು. ಅಷ್ಟಾದರೂ ಬೇಡವೇ? ಗಂಡ ವಸುಧೇಂದ್ರ ಇವತ್ತಿಗೂ ಅದನ್ನು ಬರೀ ಟೈಪಿಂಗ್ ಅನ್ನುತ್ತಾನೆ.

ಈ ಸಲದ ಕೆಲಸ ಮಾತ್ರ ಮನೆಯದು. ಅತ್ತೆ ಅಂಬೂಬಾಯಿ ತಾಯಿಯಿಂದ, ಸೋದರತ್ತೆಯಿಂದ ಕಲಿತು ಐದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ ಹಾಡುಗಳು ಪುಸ್ತಕವಾಗಬೇಕಿತ್ತು. ಅತ್ತೆಯದು ಕಟ್ಟುನಿಟ್ಟಿನ ಮಡಿ. ಮಡಿಯಲ್ಲಿದ್ದಾಗ ಅಚ್ಚಾದ ಪುಸ್ತಕ ಮುಟ್ಟುವವರಲ್ಲ. ಪುಸ್ತಕ ವ್ಯಾಸಪೀಠದ ಮೇಲೆ, ತಾವು ಎರಡು ಮೊಳ ಆಚೆ ಮಣೆಯ ಮೇಲೆ, ಹಾಳೆ ಮಗುಚುವುದಕ್ಕೆ ಸೊಸೆ. ಪೊರೆ ತೆಗೆಸಿದ ಮೇಲೂ ಅವರ ಕಣ್ಣು ಅಷ್ಟಕ್ಕಷ್ಟೇ. ಅದಕ್ಕೇ ಸುಪ್ರಜಾ ಎ-ಫೋರ್ ಪುಟದಲ್ಲಿ ಇಪ್ಪತ್ತು ಪಾಯಿಂಟಿನ ದಪ್ಪ ಅಕ್ಷರ ಕೂಡಿಸಿದ್ದಳು.

ಅತ್ತೆಯ ಭಜನಾ ಮಂಡಳಿಯ ಹೆಂಗಸರು ಕೇಳಬೇಕಲ್ಲ? “ಇಷ್ಟ ದೊಡ್ಡದು ಯಾರು ಹೊತಗೊಂಡು ತಿರುಗಬೇಕ್ರಿ? ಚೀಲದಾಗ ಹಿಡಿಸಬೇಕು” ಎಂದರು. ಸರಿ, ಪುಟವನ್ನು ಅರ್ಧ ಮಾಡಿದಳು. ಹಾಗೆ ಅಳತೆ ಬದಲಿಸುವಾಗ, ಅಕ್ಷರವನ್ನೂ ಪುಟದ ಜೊತೆಗೇ ಕುಗ್ಗಿಸಲೇ ಎಂದು ಸಾಫ್ಟ್‌ವೇರು ಒಂದು ಪುಟ್ಟ ಚೌಕ ತೋರಿಸಿ ಕೇಳುತ್ತದೆ. ಲಗ್ನಪತ್ರಿಕೆಗೆ ದಿನವೂ ಟಿಕ್ ಹಾಕುವ ಕೈ ಇದಕ್ಕೂ ಹಾಕಿತು. ಇಪ್ಪತ್ತಿದ್ದದ್ದು ಹದಿನಾಲ್ಕಕ್ಕೆ ಇಳಿಯಿತು. ಒಂದು ಸಾಲೂ ಆಚೀಚೆ ಸರಿಯಲಿಲ್ಲ, ಪರದೆಯ ಮೇಲೆ ಪುಟ ಮೊದಲಿನಂತೆಯೇ ತುಂಬಿಕೊಂಡು ಕಂಡಿತು. ಫೈಲನ್ನು ಪ್ರೆಸ್ಸು ನಡೆಸುವ ದಸ್ತಗಿರಿ ಅಣ್ಣನಿಗೆ ಕಳಿಸಿ, ಒಂದು ಪ್ರತಿ ಪ್ರಿಂಟ್ ತೆಗೆದಳು. ಕೈಯಲ್ಲಿ ಹಿಡಿದು ನೋಡಿದರೂ ಚೆಂದವೇ. ಅದನ್ನು ಮನೆಗೆ ತಂದಳು.

ಮರುದಿನ ಬೆಳಿಗ್ಗೆ ಅತ್ತೆ ಮಣೆಯ ಮೇಲೆ ಕೂತು, “ತುಳಸಿ ಹಾಡು ತಗಿ” ಎಂದರು. ಸುಪ್ರಜಾ ಮಗುಚಿದಳು. ಅತ್ತೆ ಪುಟದ ಮೇಲೆ ಕಣ್ಣಿಟ್ಟು, ಸಾಲಿನಿಂದ ಸಾಲಿಗೆ ತಲೆ ಇಳಿಸುತ್ತ, ತಡವರಿಸದೆ ಹಾಡಿದರು. ಸೊಸೆಗೆ ಎದೆ ತುಂಬಿ ಬಂತು. ತಾನೂ ದನಿಗೂಡಿಸೋಣವೆಂದು ಬಗ್ಗಿ ನೋಡುತ್ತಾಳೆ, ಎದುರಿಗಿದ್ದದ್ದು ಹಸೆಗೆ ಕರೆಯುವ ಹಾಡು! ಅವಸರದಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿದ್ದಳು. ಅತ್ತೆ ಮಾತ್ರ ತುಳಸಿ ಹಾಡನ್ನೇ ಹಾಡುತ್ತಿದ್ದರು.

“ಅಕ್ಷರ ಹೆಂಗದಾವ್ರಿ ಅತ್ಯಾ?” ಎಂದು ಮೆಲ್ಲಗೆ ಕೇಳಿದಳು.

“ಮುತ್ತು ಪೋಣಿಸಿದಂಗ ಅದಾವ. ಭಾಳ ಚಲೋ ಮಾಡೀದಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಸೊಸೆ ನೊಂದುಕೊಂಡಾಳೆಂದು ಈ ಜೀವ ಕಾಣದ ಪುಟದ ಮುಂದೆ ಇನ್ನು ದಿನಾ ಹೀಗೇ ನಟಿಸುತ್ತದಲ್ಲ! ಅದನ್ನು ನೆನೆದೇ ಅವಳಿಗೆ ಸಂಕಟವಾಯಿತು. ಅಂಗಳಕ್ಕೆ ಓಡಿ ಪ್ರೆಸ್ಸಿಗೆ ಫೋನ್ ಹಚ್ಚಿದಳು.

“ದಸ್ತಗಿರಿ ಅಣ್ಣಾ, ಅಚ್ಚಿಗೆ ಪ್ಲೇಟ್ ಹಾಕಿಬಿಟ್ರೇನು?”

“ಇಂಕಾ ಲೇದಮ್ಮಾ, ಇನ್ನೂ ಇಲ್ಲ. ಮಷೀನ್ ಕೆಟ್ಟು ಕುಂತೈತಿ” ಎಂದ ಅವನು, ಬೈಸಿಕೊಳ್ಳಲು ತಯಾರಾಗಿಯೇ. ಮಷೀನ್ ಕೆಟ್ಟದ್ದಕ್ಕೆ ಅವಳು ಥ್ಯಾಂಕ್ಸ್ ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲ.

ಎರಡು ದಿನ ಅಂಗಡಿಯ ಬೇರೆ ಕೆಲಸಕ್ಕೆಲ್ಲ ರಜೆ. ಈ ಸಲ ಚೌಕದ ಟಿಕ್ ತೆಗೆದಳು. ಪುಟ ಸಣ್ಣದು, ಅಕ್ಷರ ಹಳೆಯ ಇಪ್ಪತ್ತೇ. ಹಾಡುಗಳು ಪುಟದಿಂದ ಪುಟಕ್ಕೆ ಉಕ್ಕಿ ಹರಿದವು. ನುಡಿ ನಡುವೆ ತುಂಡಾಗದಂತೆ ಒಂದೊಂದನ್ನೂ ಕೈಯಿಂದಲೇ ಕೂಡಿಸಿದಳು. ಪುಸ್ತಕ ದಪ್ಪವಾಯಿತು, ಆದರೂ ಚೀಲದಲ್ಲಿ ಹಿಡಿಸಿತು.

ಹೊಸ ಪ್ರತಿ ವ್ಯಾಸಪೀಠದ ಮೇಲೆ ಕೂತಿತು. ಆದರೆ ಅತ್ತೆಗೆ ಕಂಡಿತೋ ಇಲ್ಲವೋ ತಿಳಿಯುವುದು ಹೇಗೆ? ಒಳಗಿನದೆಲ್ಲ ಅವರಿಗೆ ನಿದ್ದೆಗಣ್ಣಲ್ಲೂ ಬಾಯಿಗೆ ಬರುತ್ತದೆ. ಅವರು ಕೇಳಿರದದ್ದು ಒಂದೇ, ಸುಪ್ರಜಾ ಗುಟ್ಟಾಗಿ ಬರೆದು ಸೇರಿಸಿದ್ದ ಮುನ್ನುಡಿ. ಆ ಪುಟವನ್ನೇ ತೆರೆದು, “ಇದನ್ನ ಸ್ವಲ್ಪ ಓದ್ರಿ ಅತ್ಯಾ” ಎಂದಳು.

ಅಂಬೂಬಾಯಿ ಕನ್ನಡಕ ಸರಿಮಾಡಿಕೊಂಡರು. “ಈ ಹಾಡುಗಳನ್ನು... ಕೂಡಿಟ್ಟವರು... ನಮ್ಮ ಅತ್ತೆಯವರು... ಅವರಿಗೀಗ ವಯಸ್ಸು...” ಅಲ್ಲಿಗೇ ನಿಂತರು. ಹುಬ್ಬು ಗಂಟಿಕ್ಕಿತು.

“ಎಪ್ಪತ್ತೊಂಬತ್ತು ಅಂತ ಯಾರು ಹೇಳಿದ್ರು ನಿನಗ? ನನಗ ಇನ್ನಾ ಎಪ್ಪತ್ತಾರು! ಊರಿಗೆಲ್ಲಾ ಹಂಚೋ ಪುಸ್ತಕದಾಗ ಮೂರು ವರ್ಷ ಏರಿಸ್ತೀಯೇನು?”

ಸುಪ್ರಜಾ ಗೋಡೆಗೊರಗಿ ಕೂತಳು. ನಗುವೂ ಅಳುವೂ ಒಟ್ಟಿಗೆ ನುಗ್ಗಿ ಬಂದವು.

“ಬೈರಿ ಅತ್ಯಾ,” ಎಂದಳು ಕಣ್ಣೊರೆಸಿಕೊಳ್ಳುತ್ತ, “ಇನ್ನೂ ಬೈರಿ.”