ಜಗಲಿಯ ಮೇಲಿನ ಗಾಳೆವ್ವ

ದೇವರ ಸಾಮಾನು ತಿಕ್ಕಲು ಹುಣಸೆಹಣ್ಣು ನೆನೆಹಾಕಿದ್ದೇನೆ. ಈ ಹುಳಿ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಇಂಗ್ಲೆಂಡ್ ದೇಶ ನೆನಪಾಗುತ್ತದೆ. ನಗಬೇಡಿ. ರಾಣೆಬೆನ್ನೂರು ಬಿಟ್ಟರೆ ಹುಬ್ಬಳ್ಳಿ, ಅದರಾಚೆ ಕಾಣದ ಹೆಂಗಸು ನಾನು. ಆದರೂ ಅದು ಹಾಗೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಗುರುವಾರ. ಹೀಗೇ ಹಿತ್ತಲ ಕಟ್ಟೆಯ ಮೇಲೆ ಕೂತು ಗಂಟೆ, ಆರತಿ ತಟ್ಟೆ ಎಲ್ಲ ತಿಕ್ಕಿ, ಕೊನೆಗೆ ಗಾಳೆವ್ವನನ್ನು ಕೈಗೆತ್ತಿಕೊಂಡಿದ್ದೆ. ಪಡಸಾಲೆಯಲ್ಲಿ ರೇಡಿಯೊ ಸುದ್ದಿ ಕೇಳುತ್ತಿದ್ದ ಮಾವನವರು ಒಮ್ಮೆಲೇ, "ಹೋತು! ಎಲ್ಲಾ ಹೋತು!" ಎಂದು ಕೂಗಿದರು. ಹತ್ತಿರದವರು ಯಾರೋ ತೀರಿಕೊಂಡರೆಂದೇ ತಿಳಿದೆ.

ಗಾಳೆವ್ವ ಯಾರೆಂದು ಹೇಳಲಿಲ್ಲ, ಅಲ್ಲವೇ? ಎಂಬತ್ತರ ಸುಮಾರಿಗೆ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯವರು ಆಗಲೇ ಇರಲಿಲ್ಲ. ಮನೆಯ ಪದ್ಧತಿ ಹೇಳಿಕೊಡುವವರಿಲ್ಲ. ದೇವರ ಜಗಲಿಯ ಮೇಲೆ ಬಸವಣ್ಣನ ಪಕ್ಕದಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ಪುಟ್ಟ ಹೆಣ್ಣುಮೂರ್ತಿ ಇತ್ತು. ಮುಂದಕ್ಕೆ ಬಾಗಿದ್ದಾಳೆ, ಕೈ ಹಿಂದಕ್ಕೆ ಚಾಚಿದ್ದಾಳೆ, ಸೆರಗು ರೆಕ್ಕೆಯ ಹಾಗೆ ಗಾಳಿಗೆ ಹಾರಿದೆ. ಯಾವ ದೇವರೆಂದು ಕೇಳಿದರೆ ಮಾವನವರು ಮೀಸೆಯಲ್ಲೇ ನಕ್ಕು, "ನಮ್ಮನ್ನ ಕಾದಾಕಿ" ಎಂದರು. ಅಷ್ಟು ಸಾಕಾಯಿತು. ನಾನೇ ಗಾಳೆವ್ವ ಎಂದು ಹೆಸರಿಟ್ಟೆ. ಮೈಮೇಲಿನ ಬಟ್ಟೆ ತೀರ ತೆಳುವಾಗಿ ಕಂಡದ್ದರಿಂದ ಮರುದಿನವೇ ಖಣದ ತುಂಡಿನಲ್ಲಿ ಕುಪ್ಪಸ ಹೊಲಿದು ತೊಡಿಸಿದೆ. ಓಣಿಯ ಲಾರಿ ಡ್ರೈವರುಗಳ ಹೆಂಡಂದಿರು ಗಾಳಿಯ ದೇವತೆ ತಮ್ಮ ಪಾಲಿಗೇ ಬಂದಳೆಂದು ಹರಕೆ ಹೊರತೊಡಗಿದರು.

ಆ ಗುರುವಾರ ಮಾವನವರ ಕೂಗು ಕೇಳಿ ಹಿತ್ತಲಿಂದ ಗಾಳೆವ್ವನನ್ನು ಹಿಡಿದುಕೊಂಡೇ ಓಡಿದೆ. "ಯಾರ ಹೋದ್ರಿ ಮಾವಾರ?"

"ಕಂಪನಿ ಹೋತವಾ. ಪರದೇಶದವರಿಗೆ ಮಾರಿದ್ರಂತ. ಅದೂ ಯಾರಿಗೆ? ಜರ್ಮನಿಯವರಿಗೆ!"

"ಯಾವ ಕಂಪನಿ?"

ಅವರ ಬೆರಳು ನನ್ನ ಕೈಯತ್ತ ತಿರುಗಿತು. "ಆಕೀದು. ಬ್ಯಾಡಗಿ ಸಾವ್ಕಾರರ ಕಾರಿನ ಮೂಗಿನ ಮ್ಯಾಲ ನಿಂತಾಕಿ ಆಕಿ."

ಮಾವನವರು ಮೊದಲು ಬ್ಯಾಡಗಿಯ ಮೆಣಸಿನಕಾಯಿ ಸಾವ್ಕಾರರೊಬ್ಬರ ಡ್ರೈವರ್ ಆಗಿದ್ದರು. ಯಾವುದೋ ಸಂಸ್ಥಾನದಿಂದ ಬಂದ, ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಕಾರು. ಅದು ಗುಜರಿಗೆ ಹೋಗುವ ದಿನ ಸಾವ್ಕಾರರು ಗೊಂಬೆಯನ್ನು ಬಿಚ್ಚಿ ಇವರ ಕೈಗೆ ಕೊಟ್ಟಿದ್ದರಂತೆ. ಗಾಳೆವ್ವನನ್ನು ಬೋರಲು ಮಾಡಿ ನೋಡಿದೆ. ಕಾಲಡಿಯ ಸುರುಳಿ ಗೆರೆಗಳನ್ನು ಕಮಲದ ಎಸಳೆಂದು ತಿಳಿದು ಹದಿನೆಂಟು ವರ್ಷ ಕಡ್ಡಿ ಹಾಕಿ ಚೊಕ್ಕ ಮಾಡಿದ್ದೆ. ಅದು ತಿರುಪು! ಕಾರಿಗೆ ಬಿಗಿಯುವ ತಿರುಪು!

"ಮೊದಲ ಯಾಕ ಹೇಳಲಿಲ್ರಿ?"

"ಬಂದ ಮರುದಿನಾನ ಕುಪ್ಪಸ ಹೊಲದಿ. ಆಮ್ಯಾಲ ಏನಂತ ಹೇಳ್ಲಿ?"

ಮಾವನವರು ಗೋಡೆಗೆ ಮುಖ ಮಾಡಿ ಮಲಗಿದರು. ಊಟ ಬೇಡವಂತೆ. "ಇಂಗ್ಲೆಂಡಿನವರಿಗೆ ರಾಣಿ ಒಬ್ಬಾಕಿ, ಈ ಕಾರ ಒಂದು. ವಿಮಾನದ ಇಂಜಿನ್ನಿಗೂ ಅದ ಹೆಸರು. ಅಂಥಾದ್ದನ್ನ ಮಾರಿದ್ರಲ್ಲ!"

"ನಮ್ಮನ್ನ ಆಳಿ ಹೋದವರ ಕಾರು ಮಾರಾಟಾದ್ರ ನಾವ್ಯಾಕ ಉಪಾಸ ಇರಬೇಕ್ರಿ? ಬಡಿದಾಡಿದವರು ಬೀಗರಾದ್ರು ಅಂತ ತಿಳಕೋರಿ. ಇಲ್ಲಂದ್ರ ಸೂತಕ ಎಷ್ಟು ದಿನ ಅಂತಾದ್ರೂ ಹೇಳ್ರಿ, ತಲಿಮ್ಯಾಲ ನೀರು ಹಾಕ್ಕೋತೀನಿ."

ಬಾಯಿ ಜೋರು ಮಾಡಿದೆನೇ ಹೊರತು ಒಳಗೆ ನನಗೂ ಚಿಂತೆಯಿತ್ತು. ಕಾರಣ, ಪಕ್ಕದ ಮನೆಯ ನೀಲವ್ವ. ಅವಳ ಗಂಡ ಫಕೀರಪ್ಪ ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡು ಒಯ್ದವನು ಸೋಮವಾರವೇ ಮರಳಬೇಕಿತ್ತು. ಗುರುವಾರವಾದರೂ ಸುದ್ದಿಯಿಲ್ಲ. ಸಂಜೆ ಗಾಳೆವ್ವನ ಉಡಿ ತುಂಬಲು ಬರುತ್ತೇನೆಂದಿದ್ದಳು. ಕಾರಿನ ಬೊಂಬೆಗೆ ಉಡಿ ತುಂಬುವುದೇ? ಅದನ್ನು ತಿಳಿದೂ ಸುಮ್ಮನಿರುವುದು ದೇವರ ಮುಂದೆ ನಿಂತು ಸುಳ್ಳು ಹೇಳಿದಂತೆ. ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡೆ.

ನೀಲವ್ವ ಬಂದಳು. ಅಕ್ಕಿ, ಒಣಕೊಬ್ಬರಿ, ಎಲೆ ಅಡಿಕೆ ತಟ್ಟೆಯಲ್ಲಿ. ಕಣ್ಣು ಊದಿ ಕೆಂಪಾಗಿತ್ತು. "ಅಕ್ಕಾ, ಆಕಿ ಬಿಟ್ರ ನನಗ್ಯಾರು ಅದಾರ? ಕರಕೊಂಡ ಬರ್ತಾಳಲ್ಲ?"

"ನೀಲವ್ವಾ, ಒಂದ ಮಾತು..." ಎಂದೆ.

ಅಷ್ಟರಲ್ಲಿ ಗೋಡೆಯತ್ತ ಮಲಗಿದ್ದ ಮಾವನವರು ಎದ್ದು ಕೂತರು. "ಏನ್ ಕೇಳ್ತೀ ತಂಗಿ? ಇಪ್ಪತ್ತು ವರ್ಷ ಆಕಿ ಬೆನ್ನ ಹಿಂದ ಕುಂತು ತಿರುಗೇನಿ ನಾ. ಒಂದ ದಿನಾನೂ ದಾರ್ಯಾಗ ಬಿಟ್ಟಾಕಿ ಅಲ್ಲ. ಉಡಿ ತುಂಬು. ಬರ್ತಾನ."

ನೀಲವ್ವ ಉಡಿ ತುಂಬಿದಳು. ಖಣದ ಕುಪ್ಪಸ ತೊಟ್ಟ ಇಂಗ್ಲೆಂಡಿನ ಹೆಣ್ಣುಮಗಳು ತಲೆ ಬಾಗಿಸಿ ಎಲ್ಲವನ್ನೂ ಸ್ವೀಕರಿಸಿದಳು. ನೀಲವ್ವ ಅತ್ತ ಹೋದದ್ದೇ ತಡ ನಾನು ಮಾವನವರನ್ನು ಹಿಡಿದೆ. "ಖರೇ ಹೇಳ್ರಿ. ಆ ಕಾರು ದಾರ್ಯಾಗ ನಿಂತ ಇಲ್ಲೇನು?"

"ನಿಂತಿಲ್ಲದ ಊರ ಇಲ್ಲ" ಎಂದರು ಮಾವನವರು. "ಕಾಗಿನೆಲೆ ದಾರ್ಯಾಗಂತೂ ಜೋಡೆತ್ತು ಕಟ್ಟಿ ಎಳಿಸೇವಿ, ಸಾವ್ಕಾರ್ರು ಒಳಗ ಕುಂತ ಎಲಿ ಅಡಿಕಿ ಹಾಕ್ಕೊಂತ. ನಿಂತೈತಿ ಖರೆ, ಬಿಟ್ಟಿಲ್ಲ ನೋಡು. ಎತ್ತ ಕಟ್ಟಿಯಾದ್ರೂ ಮನಿ ಮುಟ್ಟಿಸೇತಿ." ಆಮೇಲೆ ಎದ್ದು ಕೈ ತೊಳೆದುಕೊಂಡರು. "ರೊಟ್ಟಿ ಅದಾವೇನು?"

ಎರಡು ರೊಟ್ಟಿ ಸಾಲಲಿಲ್ಲ, ಮೂರನೆಯದೂ ಹೋಯಿತು. ಜರ್ಮನಿಯವರು ಆ ಹೊತ್ತಿಗೆ ಮರೆತೇ ಹೋಗಿದ್ದರು.

ಮರುದಿನ ಮಧ್ಯಾಹ್ನ ಫಕೀರಪ್ಪನ ಲಾರಿ ಓಣಿಯ ಬಾಯಿಗೆ ಬಂತು. ತಾನಾಗಿ ಅಲ್ಲ, ಆಕ್ಸಲ್ ಮುರಿದು ನಾಲ್ಕು ದಿನ ದಾರಿಯಲ್ಲಿ ಬಿದ್ದಿದ್ದನ್ನು ಇನ್ನೊಂದು ಲಾರಿಯವರು ಹಗ್ಗ ಕಟ್ಟಿ ಎಳೆದು ತಂದಿದ್ದರು. ಗಾಳೆವ್ವನೇ ತಂದಳೆಂದು ನಾನು ಹೇಳುವುದಿಲ್ಲ. ಆಕೆಯ ಕೈವಾಡ ಇರಲಿಲ್ಲವೆನ್ನಲು ನನಗೇನು ಗೊತ್ತು? ಮಾವನವರು ಮಾತ್ರ ಆ ಹಗ್ಗ ನೋಡಿ ಮೀಸೆಯಲ್ಲೇ ನಕ್ಕರು.

ಈಗ ಮಾವನವರಿಲ್ಲ. ನೀಲವ್ವನಿಗೆ ಆಮೇಲೊಂದು ದಿನ ನಿಜ ಹೇಳಿದೆ. ಅವಳು ಕೆನ್ನೆಗೆ ಕೈ ಹಚ್ಚಿ, "ಹಂಗಾದ್ರ ಗಾಡಿ ವಿಷಯ ಆಕಿಗೆ ನಮಗಿಂತ ಛಲೋ ತಿಳೀತೈತಲ್ಲ ಅಕ್ಕಾ!" ಎಂದಳು.

ಪೂಜೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಹಣೆಗೆ ಅರಿಷಿಣ ಕುಂಕುಮ ಮೊದಲಿನ ಹಾಗೇ. ಕಾಲಡಿಯ ತಿರುಪಿಗೆ ಮಾತ್ರ ಹೊಲಿಗೆ ಮಷೀನಿನ ಎಣ್ಣೆ, ಎರಡು ಹನಿ. ಇಗೋ, ಹಾಕಿ ಒರೆಸಿದೆ. ಏಳುತ್ತೇನೆ; ಬಿಸಿಲು ಏರುವ ಮೊದಲು ಮೆಣಸಿನಕಾಯಿ ತೊಟ್ಟು ಮುರಿದು ಹರವಬೇಕು.