ಅಳಿಸಿದ ನಾಲ್ಕು ನಿಮಿಷ ಹತ್ತು ಸೆಕೆಂಡು

1963ರ ನವೆಂಬರ್ 10, ಭಾನುವಾರ, ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಇಚಲಕರಂಜಿಯ ಪ್ರಾರ್ಥನಾ ಮಂದಿರದಲ್ಲಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದೆ ಎಂದು ನನ್ನ ದಿನಚರಿಯಲ್ಲಿದೆ.

ಆಗ ನನಗೆ ಹತ್ತೊಂಬತ್ತು ವರ್ಷ. ಕೊಲ್ಹಾಪುರದ ನಮ್ಮ ಸಭೆಯಲ್ಲಿ ಒಂದು ಆಂಪ್ಲಿಫೈಯರ್, ಧ್ವನಿ ದೊಡ್ಡದು ಮಾಡುವ ಎರಡು ತಗಡಿನ ಭೋಂಗಾ, ಒಂದು ಟೇಪ್ ರೆಕಾರ್ಡರ್ ಇದ್ದವು. ಅವುಗಳನ್ನು ನಡೆಸುವ ಸೇವೆ ನಾನಾಗಿಯೇ ಕೇಳಿ ಪಡೆದದ್ದು. ಭಾನುವಾರಕ್ಕೊಂದು ಊರು. ಒಂದು ಊರಿನಲ್ಲಿ ಧ್ವನಿ ಮುದ್ರಿಸಿಕೊಂಡ ಪಾದ್ರಿಸಾಹೇಬರ ಪ್ರಸಂಗವನ್ನು ಮುಂದಿನ ವಾರ ಇನ್ನೊಂದು ಊರಿನಲ್ಲಿ, ಮಂದಿರಕ್ಕೆ ಬರಲಾಗದವರಿಗೆ ಕೇಳಿಸುತ್ತಿದ್ದೆವು. ಪ್ರತಿ ಟೇಪಿಗೂ ಆರಂಭ, ಮುಕ್ತಾಯ, ಅಡಚಣೆ ಎಂದು ಮೂರು ಕಾಲಂ ಎಳೆದಿದ್ದೆ.

"ನಾಳೆ ಸ್ವರ್ಗದಾಗೂ ಹಾಜರಿ ಪುಸ್ತಕ ನಿನ್ನ ಕೈಯಾಗs ಕೊಡ್ತಾರ ನೋಡಪಾ," ಎಂದು ಪಾದ್ರಿಸಾಹೇಬರು ಛೇಡಿಸುತ್ತಿದ್ದರು.

ಆ ದಿನ ಪ್ರಸಂಗದ ನಡುವೆಯೇ ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಎದ್ದು ಹಾಡತೊಡಗಿದಳು. ಮಗ್ಗದ ಕೆಲಸಕ್ಕೆಂದು ಬೆಳಗಾವಿ ಕಡೆಯಿಂದ ಬಂದು ಕೊರೋಚಿಯಲ್ಲಿ ನೆಲೆಸಿದ ಮನೆಯವಳು. ಮರಾಠಿ ಆರಾಧನೆಯ ಮಧ್ಯೆ ಕನ್ನಡ ಹಾಡು, ಬೀಸುಕಲ್ಲಿನ ಧಾಟಿ, ನಡುನಡುವೆ ಕೆಮ್ಮು. ಪಾದ್ರಿಸಾಹೇಬರು ತಡೆಯದೆ ಕೇಳುತ್ತ ನಿಂತರು. ನಾನು ಗಡಿಯಾರ ನೋಡಿ, 'ಅಡಚಣೆ: 4 ನಿಮಿಷ 10 ಸೆಕೆಂಡು' ಎಂದು ಬರೆದುಕೊಂಡೆ.

ಆಮೇಲೆ ಚಹಾ ಕುಡಿಯುವಾಗ ಅವರು ಹೇಳಿದ್ದು ಇಷ್ಟೇ: "ಆ ಆಯೀ ಹಾಡು ತಗದು, ಟೇಪ್ ಗಡಹಿಂಗ್ಲಜಕ್ಕ ತಗೊಂಡ್ ಬಾರಪಾ."

ಹಿಂದಿನ ವಾರ ಟೇಪಿನೊಳಗೆ ಸೇರಿಬಿಟ್ಟಿದ್ದ ಕಾಯಿಪಲ್ಲೆ ಮಾರುವವನ ಕೂಗಿಗೂ "ತಗಿ" ಎಂದೇ ಅಂದಿದ್ದರು. ಅದನ್ನು ಅಳಿಸಿದ್ದೆ. ಸೋಮವಾರ ಸಂಜೆ 5 ಗಂಟೆಗೆ ಮೈಕಿನ ವಯರ್ ಕಿತ್ತು, ಹಾಡಿನ ಮೇಲೆ ಬರಿಯ ಮೌನ ಮುದ್ರಿಸಿದೆ. ಅಚ್ಚುಕಟ್ಟಾಯಿತು ಎನಿಸಿತು.

ಗುರುವಾರ ಮುದುಕಿ ತೀರಿಕೊಂಡಳು. ನನಗೆ ತಿಳಿದದ್ದು ಭಾನುವಾರ, 17ನೆಯ ತಾರೀಖು, ಗಡಹಿಂಗ್ಲಜದ ಒಂದು ಮನೆಯ ಪಡಸಾಲೆಯಲ್ಲಿ. ಪಾದ್ರಿಸಾಹೇಬರು ಯಂತ್ರವನ್ನು ನೇರ ಅಲ್ಲಿಗೇ ತರಿಸಿದ್ದರು. ಅದು ಮುದುಕಿಯ ಮಗಳ ಮನೆ. ಹಸಿ ಬಾಣಂತಿ ಎಂದು ಅವಳನ್ನು ಮಣ್ಣಿಗೆ ಕಳಿಸಿರಲಿಲ್ಲ. ಕಿವಿ ಮುಚ್ಚಿ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ, ಅವಳು ಯಂತ್ರದ ಮುಂದೆ ಕೂತಳು.

"ನಮ್ಮವ್ವನ ಹಾಡು ತಗದೀರಂತಲ್ರಿ, ಅಣ್ಣಾರ?"

"ತಗದೇನ್ರಿ, ಅಕ್ಕಾರ," ಎಂದೆ. ಅಂದ ಮೇಲೆ ಅರ್ಥವಾಯಿತು. ಹೇಳುವ ಧೈರ್ಯವಾಗದೆ ಟೇಪ್ ಹಚ್ಚಿದೆ.

ಪ್ರಸಂಗ ನಡೆಯಿತು, ನಿಂತಿತು. ಗುಂಯ್ ಎಂಬ ಸದ್ದು ಶುರುವಾಯಿತು.

"ಇನ್ನ ಮುಂದ ಐತೇನ್ರಿ?"

ಪಾದ್ರಿಸಾಹೇಬರು ನನ್ನ ಮುಖ ನೋಡಿದರು. "ಹುಡಿಕಿ ತಗದಿಡು ಅಂದಿದ್ನೋ ತಮ್ಮಾ," ಎಂದರು ಮೆಲ್ಲಗೆ. "ಅಳಸು ಅಂದಿದ್ದಿಲ್ಲ."

ಆ ಸದ್ದಿನ ತುದಿಯಲ್ಲಿ ಒಂದು ಕೆಮ್ಮು ಕೇಳಿಸಿತು. ಅಳಿಸುವಾಗ ನಾನು ಗುಂಡಿಯನ್ನು ಒಂದೆರಡು ಸೆಕೆಂಡು ಮೊದಲೇ ಬಿಟ್ಟಿದ್ದೆನೇನೋ.

"ಅವ್ವ," ಎಂದಳು ಮಗಳು. "ಹೊಳ್ಳಿ ಹಚ್ರಿ."

ಹನ್ನೊಂದು ಸಲ ಹಚ್ಚಿದೆ. ಒಳಗೆ ಕೂಸು ಎದ್ದು ಅತ್ತಿತು. "ಈ ಕೂಸಿನ ಸಲುವಾಗಿ ಅವ್ವ ಕಟ್ಟಿದ್ದ ಹಾಡಂತ್ರಿ ಅದು," ಎಂದಳು. "ನಾ ಒಮ್ಮಿನೂ ಕೇಳಿಲ್ಲ."

ಇದಾಗಿ ಮೂರು ವರ್ಷ. ಆ ಭಾಗವನ್ನು ಒಬ್ಬನೇ ಕೂತು ಇದುವರೆಗೆ 64 ಸಲ ಕೇಳಿದ್ದೇನೆ. 9 ಸಲ ಗುಂಯ್ ಸದ್ದಿನ ಹಿಂದೆ, ಗೋಡೆಯಾಚೆ ಯಾರೋ ಬೀಸುತ್ತ ಹಾಡಿದಂತೆ, ಧಾಟಿ ಕೇಳಿದೆ. ದಿನ, ಗಂಟೆ ಬರೆದಿಟ್ಟಿದ್ದೇನೆ. ಪಾದ್ರಿಸಾಹೇಬರಿಗೂ ಟೇಪ್ ಹಚ್ಚಿ ತೋರಿಸಿದೆ; ಅವರಿಗೆ ಏನೂ ಕೇಳಲಿಲ್ಲ. "ಸಾಕು ಮಾಡಪಾ," ಎಂದರು. ಒಂಬತ್ತು ಸಲವೂ ನನಗೆ ಒಂದು ಪದವೂ ತಿಳಿದಿಲ್ಲ. ಈಗೀಗ ಯಂತ್ರ ಹಚ್ಚದಿದ್ದಾಗಲೂ ಆ ಧಾಟಿ ಬರುತ್ತದೆ. ಅದನ್ನು ಯಾವ ಕಾಲಮಿನಲ್ಲಿ ಬರೆಯಬೇಕೋ ಗೊತ್ತಿಲ್ಲ.

ಆ ದಿನ ನಾನು ಗಡಿಯಾರ ನೋಡುತ್ತಿದ್ದೆನೇ ಹೊರತು ಪದ ಕೇಳಿರಲಿಲ್ಲ; ಪಾದ್ರಿಸಾಹೇಬರಿಗೂ ಪದ ನೆನಪಿಲ್ಲ. ಕೊರೋಚಿಯ ಮನೆಯವರಿಗೂ ಧಾಟಿ ಗೊತ್ತು, ಪದ ಗೊತ್ತಿಲ್ಲ. ಆ ಬೆಳಿಗ್ಗೆ ಮಂದಿರದಲ್ಲಿ 43 ಜನರಿದ್ದರು. ಅವರಲ್ಲಿ 17 ಜನರನ್ನು ಹುಡುಕಿ ಕಂಡಿದ್ದೇನೆ. ಮರಾಠಿಯವರಿಗೆ ಹಾಡು ತಿಳಿದಿರಲಿಲ್ಲ. ಕನ್ನಡದವರಿಗೆ 'ತೊಟ್ಟಿಲ', 'ಹಾಲು' ಎಂಬ ಎರಡು ಮಾತು ಬಿಟ್ಟರೆ ಬೇರೇನೂ ನೆನಪಿಲ್ಲ. ಗಡಹಿಂಗ್ಲಜಕ್ಕೆ ಹೋದಾಗಲೆಲ್ಲ ಮಗಳು "ಸಿಕ್ತೇನ್ರಿ?" ಎಂದು ಕೇಳುತ್ತಾಳೆ. ಉಳಿದ 26 ಜನರಲ್ಲಿ ಯಾರಾದರೂ ಇದನ್ನು ಓದಿದರೆ, ಹಾಡಿನ ಅರ್ಧ ಸಾಲು ನೆನಪಿದ್ದರೂ ಸರಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ.