ಸಮುದ್ರದ ತಳ ನೋಡಲು ಹೋದ ಇಬ್ಬರು ಬಾವಿ ಈಜುಗಾರರು

ಗದಗ ಸ್ಟೇಷನ್ನಿಗೆ ಗೋವಾ ಗಾಡಿ ಒಂದೂವರೆ ತಾಸು ತಡವಾಗಿ ಬರುತ್ತದೆ ಎಂದು ಸಾರಿದಾಗಲೇ ನನಗೆ ಸಾಕಾಗಿಹೋಯಿತು. ಸಂಕ್ರಾಂತಿ ಮುಗಿದು ಒಂದು ವಾರವಾಗಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಟಗೇರಿಯ ಮನೆಯಲ್ಲಿ ಕಂಬಳಿ ಹೊದ್ದು ಚಹಾ ಕುಡಿಯುತ್ತ ಕೂರಬೇಕಾದ ಅರವತ್ಮೂರರ ನಿವೃತ್ತ ಮಾಸ್ತರ ಕಲ್ಲುಬೆಂಚಿನ ಮೇಲೆ ಮಂಡಿ ತಿಕ್ಕಿಕೊಳ್ಳುತ್ತ ಕೂತಿದ್ದೆ. ಪಕ್ಕದಲ್ಲಿ ದಾವಲಸಾಬ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ತೊಟ್ಟು, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೆ ಬಂದಿದ್ದನಾದರೂ ಮುಖದಲ್ಲಿ ಆಯಾಸವೇ ಇರಲಿಲ್ಲ. ನನಗೆ ಅದಕ್ಕೂ ಸಿಟ್ಟು ಬಂತು.

ದಾವಲಸಾಬ ನನ್ನ ಬಾಲ್ಯದ ಗೆಳೆಯ. ಗಾದಿ ಹೊಲಿಯುವ ಪಿಂಜಾರ. ನಲವತ್ತು ವರ್ಷ ಹತ್ತಿ ಹಿಂಜಿ, ಗಾದಿಗೆ ದಬ್ಬಳದಿಂದ ಹೊಲಿಗೆ ಹಾಕಿ ಮೂರು ಮಕ್ಕಳನ್ನು ದಡ ಸೇರಿಸಿದ. ಮೊದಲಿನಿಂದಲೂ ದೂರದ್ದು ಕಾಣದು, ಸೋಡಾಬಾಟಲಿಯ ಬುಡದಂಥ ಚಸ್ಮಾ. ಅದರ ಮೇಲೆ ಹೋದ ವರ್ಷ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಕಾಚಬಿಂದು ಎಂದರು. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಹನಿ ಔಷಧದಿಂದ ವರ್ಷವೋ ಎರಡು ವರ್ಷವೋ ಕಾಯಬಹುದು ಎಂದರು. ಈಗ ಅವನಿಗೆ ಎದುರಿನದಷ್ಟೇ ಕಾಣುತ್ತದೆ, ಎಡಬಲಕ್ಕೆ ಪರದೆ ಬಿದ್ದಿದೆ.

ಆ ದಿನ ಆಸ್ಪತ್ರೆಯಿಂದ ಹೊರಗೆ ಬಂದು, ಅತ್ತಾನು ಎಂದು ನಾನು ಹೆದರಿಕೊಂಡಿರುವಾಗ, ಅವನು ಕೇಳಿದ್ದು ಬೇರೆಯೇ.

"ಮಾಸ್ತರ, ಹುಟ್ಟಿದಾಗಿಂದ ನೀರಾಗ ಬಿದ್ದೇವಿ. ತಳಾ ಒಮ್ಮೆರೆ ಕಣ್ಣಲೆ ನೋಡೇವೇನು?"

ಖರೆ ಮಾತು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಊರ ಹೊರಗಿನ ಮೆಟ್ಟಿಲುಬಾವಿಯಲ್ಲಿ ಈಜು ಕಲಿತವರು ನಾವು. ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಬಾವಿ. ನಮ್ಮ ಕಡೆಯ ಬಾವಿಯ ನೀರು ಪಾಚಿಹಸಿರು, ಮೊಣಕೈ ಮುಳುಗಿದರೆ ಬೆರಳು ಕಾಣುವುದಿಲ್ಲ. ತಳ ಎಂದರೆ ಕಾಲಿಗೆ ಹತ್ತುವ ರಾಡಿ, ಅಷ್ಟೇ. ಟೀವಿಯಲ್ಲಿ ಸಮುದ್ರದ ತಳ ಕಂಡಾಗಿನಿಂದ ದಾವಲಸಾಬನಿಗೆ ಅದೊಂದು ಹುಚ್ಚು. ಕಣ್ಣಿರುವಾಗಲೇ ಅದನ್ನು ನೋಡಬೇಕಂತೆ.

ಗಾಡಿ ಬರುವ ಮುಂಚೆ ಅವನ ಹೆಂಡತಿ ಹಜರತಬಿ ನನಗೆ ಫೋನು ಮಾಡಿದರು. "ಡಾಕ್ಟರ್ ಹೇಳಿದ್ದು ನೆನಪೈತಿಲ್ರಿ ಅಣ್ಣಾರ? ತಲಿ ಕೆಳಗ ಮಾಡಬಾರದಂತ. ಅವರು ನನ್ನ ಮಾತು ಕೇಳೂದಿಲ್ಲ. ನಿಮ್ಮ ಕೈಯಾಗ ಕೊಟ್ಟೇನಿ."

"ಜವಾಬ್ದಾರಿ ನಂದು ಭಾಬಿ," ಎಂದೆ. ಹೇಳುವಾಗ ಸುಲಭವೆನಿಸಿತು.

ಹುಬ್ಬಳ್ಳಿ, ಧಾರವಾಡ, ಲೋಂಡಾ. ನಮ್ಮ ಕರಿಹೊಲ ಹಿಂದೆ ಬಿದ್ದು ಕಾಡು ಶುರುವಾಯಿತು. ಘಟ್ಟದಲ್ಲಿ ಗಾಡಿ ನಡೆಯಿತೋ ನಿಂತಿತೋ ತಿಳಿಯದ ಹಾಗೆ ಇಳಿಯಿತು. ದೂಧಸಾಗರದ ಜಲಪಾತ ಮಳೆಗಾಲದ ಸೊಕ್ಕು ಕಳೆದುಕೊಂಡು ತೆಳ್ಳಗಾಗಿತ್ತು. ಜನರೆಲ್ಲ ಬಾಗಿಲಿಗೆ ನುಗ್ಗಿದರು, ನಾನು ಏಳಲಿಲ್ಲ. ಸೊಂಟ ಕೇಳಬೇಕಲ್ಲ. ದಾವಲಸಾಬ ಮಾತ್ರ ಕಿಡಕಿಗೆ ಮೂಗು ಹಚ್ಚಿ, ತಲೆಯನ್ನು ಪೂರ್ತಿ ತಿರುಗಿಸಿ ತಿರುಗಿಸಿ ನೋಡಿದ. ಗೋವಾದಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಹೊರಗೆ ಕಾಲಿಟ್ಟ ಕೂಡಲೇ ಅಂಗಿ ಬೆನ್ನಿಗೆ ಅಂಟಿತು. ನಾವು ಉಳಿದುಕೊಂಡ ಕೋಣೆಯಲ್ಲಿ ಪಂಖಾ ಸದ್ದು ಮಾಡುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮೀನೂಟದ ಹೋಟೆಲಿನಲ್ಲಿ ನಾನು ಅನ್ನ ಮಜ್ಜಿಗೆ ಉಂಡೆ.

ಅಲ್ಲಿ ಗಾರೆ ಕೆಲಸಕ್ಕಿರುವ ನಮ್ಮೂರವರೊಬ್ಬರು ಒಂದು ಹಾಯಿದೋಣಿಯನ್ನು ನಮ್ಮಿಬ್ಬರಿಗೇ ಗೊತ್ತು ಮಾಡಿಟ್ಟಿದ್ದರು. ಗುಂಪಿನ ದೋಣಿಗಳು ಅಗ್ಗ. ಆದರೆ ಅವುಗಳಲ್ಲಿ ಹಾಡು, ಕುಣಿತ, ಒಬ್ಬೊಬ್ಬರಿಗೆ ಕಾಲು ತಾಸು ನೀರು. ಎಡಬಲ ಕಾಣದವನನ್ನು ಅಲ್ಲಿ ಯಾರು ಕಾಯುತ್ತಾರೆ? ಮರುದಿನ ಬೆಳಿಗ್ಗೆ ಏಳಕ್ಕೆ ದಂಡೆಗೆ ಹೋದಾಗ ದೋಣಿಯ ಯಜಮಾನ ಕಾಶಿನಾಥ ಹಾಯಿ ಬಿಚ್ಚುತ್ತಿದ್ದ. ಕಾರವಾರ ಕಡೆಯವನು, ಐವತ್ತರ ಆಚೀಚೆ, ಬಿಸಿಲಿಗೆ ಕಪ್ಪಾದ ಮೈ, ಕಡಿಮೆ ಮಾತು.

"ಬೆಳಿಗ್ಗೆ ನೆಲದ ಗಾಳಿ, ಅದು ನಮ್ಮನ್ನು ಆಚೆ ದೂಡ್ತದೆ. ಮಧ್ಯಾಹ್ನ ಕಡಲ ಗಾಳಿ, ಅದು ವಾಪಸ್ ತರ್ತದೆ. ಗಾಳಿ ತಿರುಗಿದ ಮೇಲೆ ನಾನು ಅಲ್ಲಿ ನಿಲ್ಲೋದಿಲ್ಲ," ಎಂದ.

ಅವನ ನೆಲದ ಗಾಳಿ ಅರ್ಧ ತಾಸು ಚೆನ್ನಾಗಿ ದೂಡಿತು. ಹಾಯಿ ಹೊಟ್ಟೆ ಉಬ್ಬಿಸಿಕೊಂಡಿತು, ನೀರು ದೋಣಿಯ ಪಕ್ಕೆಗೆ ಚಟಚಟ ಬಡಿಯಿತು. ಹೀಗೆಯೇ ಆದರೆ ಪರವಾಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಗಾಳಿ ಬಿದ್ದುಹೋಯಿತು. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಬರೀ ಮೇಲೆ ಕೆಳಗೆ. ನಾನು ಬೆಳಗಿನ ಉಪ್ಪಿಟ್ಟನ್ನು ಸಮುದ್ರಕ್ಕೆ ಕೊಟ್ಟೆ. ದಾವಲಸಾಬ ನನ್ನ ಬೆನ್ನು ತಿಕ್ಕುತ್ತ ನಕ್ಕ. "ಮಕ್ಕಳಿಗೆ ಭೂಗೋಳ ಕಲಿಸಿದಾಂವ ನೀನ. ಅರಬ್ಬೀ ಸಮುದ್ರ ಅಂತ ಕೋಲು ಹಿಡದು ತೋರಸ್ತಿದ್ದಿ." ನಾನು ಮತ್ತೆ ದೋಣಿಯ ಅಂಚಿಗೆ ಬಾಗಿದೆ. ಕೊನೆಗೆ ಕಾಶಿನಾಥ ಸಣ್ಣ ಎಂಜಿನು ಹಚ್ಚಿ, ಒಂದು ನಡುಗಡ್ಡೆಯ ಮರೆಗೆ ಒಯ್ದು ಲಂಗರು ಬಿಟ್ಟ. "ಇಲ್ಲಿ ಎರಡು ಆಳು ನೀರು. ಕೆಳಗೆ ಹವಳದ ಕಲ್ಲು. ಇವತ್ತು ನೀರು ತಿಳಿಯಾಗಿದೆ."

ಅವನು ಗಾಜಿನ ಮುಖವಾಡ, ಉಸಿರು ಕೊಳವೆ, ತೇಲುವ ಜಾಕೀಟು ತೆಗೆದಿಟ್ಟ. ದಾವಲಸಾಬ ಮುಖವಾಡ ಏರಿಸಲು ಹೋದ. ಚಸ್ಮಾ ಅಡ್ಡ ಬಂತು. ಚಸ್ಮಾದ ಮೇಲೆ ಏರಿಸಿದ, ಪಕ್ಕದಿಂದ ನೀರು ನುಗ್ಗುವಷ್ಟು ಸಂದಿ ಬಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂರು ತಿಂಗಳಿಂದ ಈ ಪ್ರವಾಸದ ವಿಚಾರ ಮಾಡಿದ್ದೆವು. ರೊಟ್ಟಿ ಎಷ್ಟು, ಹನಿ ಔಷಧ ಎಷ್ಟು ಹೊತ್ತಿಗೆ, ಎಲ್ಲ ನೆನಪಿಟ್ಟಿದ್ದೆವು. ಚಸ್ಮಾದವನು ನೀರೊಳಗೆ ನೋಡುವುದು ಹೇಗೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಬಾವಿಗೆ ಯಾರೂ ಚಸ್ಮಾ ಹಾಕಿಕೊಂಡು ಹಾರಿದವರಿಲ್ಲವಲ್ಲ! ಚಸ್ಮಾದ ನಂಬರಿನ ಗಾಜಿರುವ ಮುಖವಾಡ ತನ್ನಲ್ಲಿಲ್ಲ ಎಂದ ಕಾಶಿನಾಥ.

"ಇರ್ಲಿ, ಇಳದು ನೋಡೂಣು," ಎಂದು ದಾವಲಸಾಬ ಚಸ್ಮಾ ನನ್ನ ಕೈಗೆ ಕೊಟ್ಟು ಏಣಿ ಇಳಿದ. ಸೊಂಟಮಟ್ಟ ನೀರಿಗೆ ಬಂದವನೇ ಎರಡೂ ಕೈಯಲ್ಲಿ ನೀರು ಮೊಗೆದು ಕಣ್ಣಿಗೆ ಹಚ್ಚಿಕೊಂಡ. ನಮ್ಮಲ್ಲಿ ಅದು ರೂಢಿ. ಯಾವ ಬಾವಿಗಿಳಿದರೂ ಮೊದಲು ನೀರನ್ನು ಕಣ್ಣಿಗೆ ಹಚ್ಚಿಕೊಂಡೇ ಮುಂದಿನದು. ಆದರೆ ಇದು ಉಪ್ಪುನೀರು. "ಯಾ ಅಲ್ಲಾ!" ಎಂದು ಕಿರುಚಿದ. ಮೇಲಕ್ಕೆ ಎಳೆದು, ಕುಡಿಯುವ ನೀರಿನ ಬಾಟಲಿ ಪೂರ್ತಿ ಅವನ ಕಣ್ಣಿಗೆ ಸುರಿದೆ. ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು. ಇದ್ದಷ್ಟು ನೋಟವನ್ನೂ ನಾನೇ ಕರೆತಂದು ಕಳೆದೆನೇನೋ ಎಂದು ಹೆದರಿದೆ. "ಸಾಕು, ಹೊಳ್ಳಿ ಹೋಗೂಣು," ಎಂದೆ. ಅವನು ಕಿವಿ ಕಿವುಡು ಮಾಡಿಕೊಂಡ.

ಉರಿ ಇಳಿದ ಮೇಲೆ ಜಾಕೀಟು, ಮುಖವಾಡ ಹಾಕಿಕೊಂಡು ಇಬ್ಬರೂ ಇಳಿದೆವು. ಅವನು ಮುಖ ನೀರಿಗಿಟ್ಟು ತೇಲಿದ. ಐದು ನಿಮಿಷ ಕಳೆದು ತಲೆಯೆತ್ತಿದಾಗ ದನಿ ಸೋತಿತ್ತು.

"ಏನೂ ಕಾಣವಲ್ದೋ. ನೀಲಿ ಬಣ್ಣದಾಗ ಕರೇ ಮೋಡ ಇದ್ದಂಗ, ಅಷ್ಟ."

ಅವನನ್ನು ಇಷ್ಟು ವರ್ಷದಲ್ಲಿ ನಾನು ಹಾಗೆ ನೋಡಿರಲಿಲ್ಲ. ಅವನು ಮತ್ತೆ ಮುಖ ಮುಳುಗಿಸಿ, ಕಣ್ಣಿನ ಮುಂದೆ ಗೇಣುದ್ದಕ್ಕೆ ತನ್ನ ಅಂಗೈ ಹಿಡಿದುಕೊಂಡ. ತಟ್ಟನೆ ಎದ್ದ.

"ಲೇ ಮಾಸ್ತರ! ಕೈಯಾಗಿನ ಗೆರಿ ಕಾಣ್ತಾವಲೇ. ಸೂಜಿ ಗಾಯ ಸೈತ ಕಾಣ್ತೈತಿ. ನನಗ ಹತ್ತರದ್ದು ಯಾವಾಗೂ ಕಾಣ್ತಿತ್ತಲ್ಲ! ಇಲ್ಲಿ ಮ್ಯಾಲ ತೇಲಿದ್ರ ಆಗೂದಿಲ್ಲ. ಕೆಳಗ ಹೋಗಬೇಕು, ಕಲ್ಲಿಗೆ ಮಾರಿ ಹಚ್ಚಿ ನೋಡಬೇಕು."

"ಜಾಕೀಟು ಬಿಚ್ಚೋ ಹಾಗಿಲ್ಲ," ಎಂದ ಕಾಶಿನಾಥ ಮೇಲಿನಿಂದ. "ಈ ವಯಸ್ಸಲ್ಲಿ ಮುಳುಗೋದಾ? ಆಗೋದಿಲ್ಲ."

ದಾವಲಸಾಬ ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ತೀರ್ಮಾನ ನನ್ನ ತಲೆಗೆ ಬಂತು. ಬೇಡ ಎಂದರೆ ಅವನು ಕೇಳುತ್ತಿದ್ದ, ಅದು ನನಗೆ ಗೊತ್ತಿತ್ತು. ಕೇಳಿ, ಮನೆಗೆ ಹೋಗಿ, ಪರದೆ ಪೂರ್ತಿ ಬೀಳುವವರೆಗೆ ಗಾದಿ ಹೊಲಿಯುತ್ತಿದ್ದ. ಹಜರತಬಿಗೆ ಕೊಟ್ಟ ಮಾತು ನೆನಪಾಯಿತು. ಆದರೆ ಅವರು ಬೇಡವೆಂದದ್ದು ತಲೆ ಕೆಳಗೆ ಮಾಡುವುದನ್ನು. ನಮ್ಮ ಬಾವಿಯವರು ತಲೆ ಕೆಳಗೆ ಮಾಡುವುದೇ ಇಲ್ಲ. ಕೆಳಗೆ ಯಾವ ಕಲ್ಲಿದೆಯೋ ಕಾಣದಿದ್ದರಿಂದ ಉಸಿರು ಬಿಟ್ಟು, ಕಾಲು ಮುಂದಾಗಿ ನೆಟ್ಟಗೆ ಇಳಿಯುವುದೇ ನಮ್ಮ ಪದ್ಧತಿ. ಹೂಳು ತೆಗೆಯುವವರು ಕಂಕುಳ ಕೆಳಗೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾರೆ, ತುದಿ ಮೇಲಿನವನ ಕೈಯಲ್ಲಿರುತ್ತದೆ. ಎರಡು ಸಲ ಜಗ್ಗಿದರೆ ಮೇಲೆ ಎಳೆಯಬೇಕು.

ಇದನ್ನೆಲ್ಲ ಕಾಶಿನಾಥನಿಗೆ ಬಿಡಿಸಿ ಹೇಳಿದೆ. ಅವನು ಮುಗಿಲು ನೋಡಿದ, ನಮ್ಮಿಬ್ಬರ ನರೆತ ತಲೆ ನೋಡಿದ. ಆಮೇಲೆ ಒಂದು ಗಟ್ಟಿ ಹಗ್ಗ ಎಸೆದ. "ಹವಳಕ್ಕೆ ಕೈ ಹಚ್ಚಬೇಡಿ. ಗಾಳಿ ತಿರುಗೋವರೆಗೆ ಮಾತ್ರ."

ಹಗ್ಗ ಕಟ್ಟಿದೆ. ದಾವಲಸಾಬ ಜಾಕೀಟು ಬಿಚ್ಚಿ, ಬಿಸ್ಮಿಲ್ಲಾ ಎಂದು ಉಸಿರು ಬಿಟ್ಟ. ಬಾವಿಯಲ್ಲಾದರೆ ಗುಂಡುಕಲ್ಲಿನ ಹಾಗೆ ಇಳಿಯುತ್ತಿದ್ದ. ಇಲ್ಲಿ ಗದ್ದಮಟ್ಟ ಮುಳುಗಿ ಬೆಂಡಿನ ಹಾಗೆ ಮೇಲೆ ಬಂದ. ಮತ್ತೆ ಮಾಡಿದ, ಮತ್ತೆ ಬಂದ. "ಈ ನೀರು ಒಳಗ ಕರಕೊಳ್ಳವಲ್ದಲೋ!" ಎಂದು ಬೈದ. ಉಪ್ಪುನೀರಿನ ಗುಣ ನಮಗೇನು ಗೊತ್ತು? ಆಗ ಲಂಗರಿನ ಹಗ್ಗ ತೋರಿಸಿದೆ. ಅದನ್ನು ಕೈಗೊಂದು ಕೈ ಹಿಡಿದು, ಕಾಲು ಮುಂದಾಗಿ, ಮೆಟ್ಟಿಲಿಳಿಯುವವನ ಹಾಗೆ ಕೆಳಗೆ ಹೋದ.

ನಾನು ತುದಿ ಹಿಡಿದು, ಮುಖ ನೀರಿಗಿಟ್ಟು ಎಣಿಸತೊಡಗಿದೆ. ಇಪ್ಪತ್ತಕ್ಕೆ ಬಂದ. ಏದುಸಿರು. ಏನು ಕಂಡಿತು ಎಂದು ಕೇಳುವಷ್ಟರಲ್ಲಿ ಮತ್ತೆ ಇಳಿದ. ಇಪ್ಪತ್ತೈದು. ಮೂವತ್ತು. ನಾಲ್ಕು ಸಲ ಹೋಗಿ ಬಂದ. ಐದನೆಯ ಸಲ ಕಲ್ಲಿನ ಹತ್ತಿರ ಮಂಡಿಯೂರಿ, ಒಂದು ಕೈಯಲ್ಲಿ ಲಂಗರಿನ ಹಗ್ಗ ಹಿಡಿದು, ಒಂದು ಸಂದಿಗೆ ಗಾಜು ತಗಲುವಷ್ಟು ಹತ್ತಿರ ಬಾಗಿದ. ಮೂವತ್ತೈದು. ಅಲುಗಾಡಲಿಲ್ಲ. ನಲವತ್ತು. ಅವನ ಬಾಯಿಂದ ಗುಳ್ಳೆ ಬರುವುದು ನಿಂತಿತ್ತು. ನಲವತ್ತೈದು. ಜಗ್ಗಲಿಲ್ಲ. ಹಜರತಬಿಯ ದನಿ ಕಿವಿಯಲ್ಲಿ ಬಂತು. ಇದ್ದ ಶಕ್ತಿಯೆಲ್ಲ ಹಾಕಿ ಎಳೆದುಬಿಟ್ಟೆ.

ಮೇಲೆ ಬಂದವನು ಕೆಮ್ಮುತ್ತಲೇ ಕೂಗಿದ. "ಯಾಕ ಎಳದೀ? ಯಾರು ಎಳಿ ಅಂದ್ರು ನಿನಗ? ಇನ್ನೊಂದು ಚೂರು ತಡದಿದ್ರ ನಿಂದೇನು ಹೋಗ್ತಿತ್ತು?"

"ಸತ್ತೀ ಅನಕೊಂಡ್ನೋ," ಎಂದೆ. ನಿಜಕ್ಕೂ ಅಳು ಬಂದಿತ್ತು, ಉಪ್ಪುನೀರಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಇನ್ನೊಂದು ಸಲ ಇಳಿಯಬೇಕೆಂದ. ಅಷ್ಟರಲ್ಲಿ ಹಾಯಿ ಪಟಪಟ ಬಡಿಯಿತು. ಗಾಳಿ ತಿರುಗಿತ್ತು. ಕಾಶಿನಾಥ ನಮ್ಮನ್ನು ಹತ್ತಿಸಿಕೊಂಡು ಲಂಗರು ಎತ್ತಿದ.

ದಂಡೆಗೆ ಬರುವವರೆಗೂ ದಾವಲಸಾಬ ನನಗೆ ಬೆನ್ನು ಹಾಕಿ ಕೂತ. ಕೋಣೆಯಲ್ಲಿ ಹನಿ ಔಷಧ ಹಾಕಿದೆ. ಮರುದಿನ ಬೆಳಿಗ್ಗೆ ಗಾಡಿ ಹತ್ತಿದವನು ಕಿಡಕಿಯ ಕಡೆ ಮುಖ ತಿರುಗಿಸಿ ಕೂತ. ನನ್ನ ಮೈಯ ಕೀಲುಕೀಲೂ ನೋಯುತ್ತಿತ್ತು, ಹೆಗಲು ಮೇಲೆತ್ತಲು ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಕುಟುಕುತ್ತಿದ್ದದ್ದು ನಾನೇ ಅವನ ಆಸೆಯನ್ನು ಅರ್ಧಕ್ಕೆ ಜಗ್ಗಿದೆನಲ್ಲ ಎಂಬುದು. ಇನ್ನೊಮ್ಮೆ ಕರೆತರುವ ಹೊತ್ತಿಗೆ ಅವನಿಗೆ ಅಂಗೈಯೂ ಕಾಣುತ್ತದೋ ಇಲ್ಲವೋ.

ಘಟ್ಟ ಹತ್ತಿ ಲೋಂಡಾ ದಾಟಿದ ಮೇಲೆ, ಗಂಟಿನ ಕೊನೆಯ ರೊಟ್ಟಿ ಮುರಿದು ನನಗರ್ಧ ಕೊಟ್ಟು ಕೇಳಿದ. "ಆ ಪಟ್ಟಿಪಟ್ಟಿ ಮೀನು ನಿನಗ ಹೆಂಗ ಕಂಡ್ತು? ಮ್ಯಾಲಿಂದ?"

"ಯಾವ ಮೀನು?"

"ನನ್ನ ಮಾರಿ ಮುಂದ ಅಷ್ಟು ಅಡ್ಡಾಡಿದ್ವಲ್ಲೋ! ಹಿಂಡಗಟ್ಲೆ!"

ನೆನಪು ಮಾಡಿಕೊಂಡೆ. ನನಗೆ ನೆನಪಿದ್ದದ್ದು ಅವನ ಹಿಮ್ಮಡಿ, ಅವನ ಬೆನ್ನು, ಹಗ್ಗ, ಎಣಿಕೆ. ನೀರು ತಿಳಿಯಾಗಿತ್ತು, ನನ್ನ ಕಣ್ಣು ಚೆನ್ನಾಗಿದ್ದವು, ಎರಡಾಳು ಕೆಳಗೆ ಎಲ್ಲವೂ ಇತ್ತು. ನಾನು ಒಂದನ್ನೂ ನೋಡಿರಲಿಲ್ಲ.

"ನಾ ನಿನ್ನನ್ನಷ್ಟ ನೋಡಿದ್ನೋ ದಾವಲ್ಯಾ," ಎಂದೆ.

ಅವನು ನನ್ನ ಕಡೆ ಪೂರ್ತಿ ತಲೆ ತಿರುಗಿಸಿ ನೋಡಿದ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಹತ್ತಿರ ಸರಿದು ಕೂತು, ರೊಟ್ಟಿಯ ಕೈ ಒರೆಸಿಕೊಂಡು ಶುರು ಮಾಡಿದ.

"ಕೇಳಿಲ್ಲೆ. ಕಲ್ಲು ಅಂದ್ರ ನಮ್ಮ ಕಲ್ಲಲ್ಲ ಅದು. ಗಾದಿಗೆ ಹೊಲಿಗಿ ಹಾಕಿದಂಗ ಸಾಲು ಸಾಲು, ಒಂದೊಂದು ಸಾಲು ಸೊಟ್ಟಾಗಿ ಹೊಳ್ಳಿ ಬಂದು ಇನ್ನೊಂದಕ್ಕ ಕೂಡ್ಯಾವ. ಯಾ ಪಿಂಜಾರಗೂ ಬರೂದಿಲ್ಲ ಅಂಥಾ ಕೈ. ಅದರ ಸಂದ್ಯಾಗ ಒಂದು ಏಡಿ, ಬೆರಳಿನ ಉಗುರಷ್ಟು. ಅದರ ಕಣ್ಣು ಸಾಸಿವಿ ಕಾಳು. ನಾ ಅದನ್ನ ನೋಡಿದ್ನಿ, ಅದು ನನ್ನ ನೋಡ್ತು..."

ಅವನು ಬಿಡಲಿಲ್ಲ. ಬಣ್ಣ ಹೇಳಿದ, ಅಳತೆ ಹೇಳಿದ, ಯಾವುದು ಯಾವುದರ ಪಕ್ಕ ಎಂದು ನನ್ನ ತೊಡೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಧಾರವಾಡ ಹೋಯಿತು, ಹುಬ್ಬಳ್ಳಿ ಹೋಯಿತು, ಕರಿಹೊಲಗಳು ಬಂದವು. ನಾನು ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ. ಹುಲಕೋಟಿ ಹತ್ತಿರ ಬಂದಾಗ ಮಾತು ನಿಲ್ಲಿಸಿ, ತಡವಿ ನನ್ನ ಕೈ ಹಿಡಿದುಕೊಂಡ.

"ಮಾಸ್ತರ, ಮಲಗಿದಿ ಏನು?"

"ಇಲ್ಲೋ," ಎಂದೆ. "ನೋಡಾಕತ್ತೀನಿ. ಹೇಳು."